ಮುಚ್ಚಳವಿಲ್ಲದ ಡ್ರಿಲ್ ಮಷೀನು

ಅಮೃತಪ್ಪ ತನ್ನ ಸೊಸೆಯೊಂದಿಗೆ ಮಾತಾಡುತ್ತಿರಲಿಲ್ಲ. ಇದರಲ್ಲಿ ಪದ್ಧತಿ ಎಷ್ಟು, ಸಿಟ್ಟು ಎಷ್ಟು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲವೇನೋ. ವಿಜಾಪುರ ಸೀಮೆಯ ಅವರ ಮನೆತನದಲ್ಲಿ ಮಾವನಾದವನು ಸೊಸೆಯನ್ನು ನೇರವಾಗಿ ಮಾತಾಡಿಸುವುದಿಲ್ಲ. ಸೊಸೆಯಾದವಳು ಮಾವನೆದುರು ಬರಿದಲೆಯಲ್ಲಿ ಬರುವುದಿಲ್ಲ. ಡೊಂಬಿವಲಿಯ ಚಾಳಿನ ಮನೆಗೆ ಬಂದು ವರ್ಷಗಳೇ ಕಳೆದು, ಊರಿನ ಎಷ್ಟೋ ಸಂಗತಿಗಳು ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಉದುರಿಹೋಗಿದ್ದರೂ, ಇದೊಂದನ್ನು ಅವನ ತಾಯಿ ರುದ್ರವ್ವ ಗಂಟು ಕಟ್ಟಿ ಕಾಪಾಡಿಕೊಂಡು ಬಂದಿದ್ದಳು.

ಸೊಸೆ ಪ್ರಫುಲ್ಲಾ ಉಡುಪಿಯ ಕಡೆಯವಳು. ತಂದೆ ಮುಂಡಪ್ಪ ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಅಮೃತಪ್ಪನ ಒಬ್ಬನೇ ಮಗ ವಸಂತಕುಮಾರ ಅಲ್ಲೇ ಹತ್ತಿರದ ಟೈಪಿಂಗ್ ಕ್ಲಾಸಿನಲ್ಲಿ ಅವಳನ್ನು ಕಂಡು, ಮೊದಲು ತಾನು ಒಪ್ಪಿ, ಆಮೇಲೆ ಮನೆಯವರನ್ನು ಒಪ್ಪಿಸಿದ್ದ. ಒಪ್ಪಿಸಿದ್ದ ಎನ್ನುವುದಕ್ಕಿಂತ ಅಮೃತಪ್ಪ ಬೇಡ ಅನ್ನಲಿಲ್ಲ ಎನ್ನುವುದೇ ಸರಿ. ಅವನು ಆಗ ಏನನ್ನೂ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಗಿರಣಿ ಸಂಪಿನಲ್ಲಿ ಹೋದ ಫಿಟ್ಟರ್ ಕೆಲಸ ಸಂಪು ಮುಗಿದ ಮೇಲೂ ತಿರುಗಿ ಬಂದಿರಲಿಲ್ಲ.

ಪ್ರಫುಲ್ಲಾ ಮದುವೆಯಾದ ಮೇಲೆ ಮೀನು ಬಿಟ್ಟಳು, ರೊಟ್ಟಿ ಬಡಿಯುವುದನ್ನು ಕಲಿತಳು, 'ಎಂತ' ಎನ್ನುವ ಕಡೆ 'ಏನು' ಎನ್ನುವುದನ್ನೂ ಅರ್ಧ ಕಲಿತಳು. ಸೆರಗು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ತವರಿನಲ್ಲಿ ಯಾರೂ ತಲೆಯ ಮೇಲೆ ಸೆರಗು ಹೊದೆಯುತ್ತಿರಲಿಲ್ಲ. ನೈಲಾನ್ ಸೀರೆ ಜಾರುವುದು, ಮೂಲೆಯಿಂದ ರುದ್ರವ್ವ "ತಲಿ!" ಎನ್ನುವುದು, ಇವಳ ಕೈ ಮೇಲೇಳುವುದು. ಒಂದು ವರ್ಷದಲ್ಲಿ ಆ ಕೈಗೆ ಎಷ್ಟು ರೂಢಿಯಾಯಿತೆಂದರೆ, ಬಾಗಿಲಲ್ಲಿ ಮಾವನ ಚಪ್ಪಲಿಯ ಸದ್ದಾದರೆ ಸಾಕು, ಅದು ತಾನಾಗಿ ಏಳುತ್ತಿತ್ತು.

ಎರಡು ಕೋಣೆಯ ಮನೆ. ಮಾವ ಸೊಸೆ ಕೈಯಳತೆಯಲ್ಲೇ ಇರಬೇಕು. ಆದರೂ ಎಲ್ಲ ಮಾತೂ ಅಮೃತಪ್ಪನ ಹೆಂಡತಿ ಚಂದವ್ವನ ಮೂಲಕ ಹೋಗಿ ಚಂದವ್ವನ ಮೂಲಕ ಬರಬೇಕು.

"ಅಕಿಗೆ ಹೇಳು, ರೊಟ್ಟಿ ಸಾಕು," ಎನ್ನುವನು ಅಮೃತಪ್ಪ, ಪ್ರಫುಲ್ಲಾ ತಾಟಿನ ಮುಂದೆಯೇ ನಿಂತಿರುವಾಗ.

"ಅನ್ನ ಹಾಕ್ಬೇಕಾ ಕೇಳಿ ಅತ್ತೆ," ಎನ್ನುವಳು ಪ್ರಫುಲ್ಲಾ.

"ನಾನೇನು ಟೆಲಿಫೋನ್ ಆಪೀಸ ಅದೀನೇನು?" ಎಂದು ಚಂದವ್ವ ರೇಗುವಳು. "ಅಕಿಗೂ ಕಿವಿ ಅದಾವ, ನಿಮಗೂ ಕಿವಿ ಅದಾವ. ನಡುವ ನನ್ನ ಗಂಟಲಾ ಯಾಕ ಹರೀಬೇಕು?"

ರೇಗಿದರೂ ಅನ್ನ ಬೇಕೋ ಬೇಡವೋ ಎಂದು ಅವಳೇ ಕೇಳುವಳು.

ಡ್ರಿಲ್ ಮಷೀನಿನ ವಿಷಯವೂ ಈ ಮನೆಯೊಳಗೆ ಬಂದದ್ದು ಹೀಗೇ, ಚಂದವ್ವನ ಗಂಟಲಿನ ಮೂಲಕ. ಪ್ರಫುಲ್ಲಾಳ ದೊಡ್ಡಮ್ಮನ ಮಗ ಜಯಶೀಲನಿಗೆ ಮಹಾಪೆಯಲ್ಲಿ ಸಣ್ಣದೊಂದು ಕಾರಖಾನೆ ಇತ್ತು. ಸ್ಟೀಲ್ ಕಪಾಟಿನ ಹಿಡಿಕೆಗಳನ್ನು ಮಾಡುತ್ತಿದ್ದ. ಹಿಡಿಕೆಯ ಪಟ್ಟಿಗಳಿಗೆ ತೂತು ಹಾಕುವ ಕೆಲಸವನ್ನು ಹೊರಗೆ ಕೊಡುತ್ತೇನೆ, ನಿನ್ನ ಮಾವ ಫಿಟ್ಟರಲ್ಲವಾ, ಕೇಳಿ ನೋಡು ಎಂದಿದ್ದ.

"ಅಕಿ ಕಡೆಯವರ ಕೆಲಸಾ?" ಎಂದ ಅಮೃತಪ್ಪ, ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿ.

"ಕೆಲಸಕ್ಕ ಯಾವ ಕಡೆ?" ಎಂದಳು ಚಂದವ್ವ. "ಮನ್ಯಾಗ ಕುಂತು ಕುಂತು ಕುರ್ಚಿ ಕಾಲು ಸವದಾವು."

ಊಟ ಮುಗಿದ ಮೇಲೆ ಅಮೃತಪ್ಪ ಮುಂದಿನ ಪಡಸಾಲೆಯಲ್ಲಿ ಗೇಣು ಹಾಕಿ ಗೋಡೆ ಅಳೆಯುತ್ತಿದ್ದುದನ್ನು ಎಲ್ಲರೂ ನೋಡಿದರು. ಅವನ ಮೋರೆಯ ಮೇಲೆ ಅಂಥ ಕಳೆಯನ್ನು ಕಂಡು ಬಹಳ ದಿನವಾಗಿತ್ತು. ಪ್ರಫುಲ್ಲಾಳಿಗೆ ಒಳಗೊಳಗೇ ಖುಷಿಯಾಯಿತು.

ಮಷೀನು ಹುಡುಕಲು ತಂದೆ ಮಗ ರಜೆಯ ದಿನಗಳಲ್ಲಿ ತಿರುಗಿದರು. ವಸಂತಕುಮಾರನಿಗೆ ಬೇಲಾಪುರದಲ್ಲಿ ಸರ್ಕಾರಿ ಆಫೀಸಿನ ಗುಮಾಸ್ತಗಿರಿ. ವಾರವಿಡೀ ಗಾಡಿ, ಬಸ್ಸು ಹಿಡಿದು ದಣಿದವನು ರಜೆಯಲ್ಲೂ ಅಪ್ಪನ ಹಿಂದೆ ಹೊರಡಬೇಕಾಗಿ ಬಂದಾಗ ಗೊಣಗಿದ. ಅವನು ಹುಟ್ಟಿದ್ದೇ ಇಲ್ಲಿ. ಸಿಟ್ಟು ಬಂದರೆ ಅವನ ಬಾಯಿಂದ ಕನ್ನಡ ಹಿಂದೆ ಸರಿದು ಮರಾಠಿ ಮುಂದೆ ಬರುತ್ತಿತ್ತು.

ಕಲ್ಯಾಣದ ಅಂಗಡಿಯಲ್ಲಿ ಹೊಸ ಮಷೀನು ಇತ್ತು. ಹಸಿರು ಬಣ್ಣ, ಮೇಲೆ ಬೆಲ್ಟು ಕಾಣದ ಹಾಗೆ ತಗಡಿನ ಮುಚ್ಚಳ, ನೋಡಲು ಮದುಮಗನ ಹಾಗೆ. ಅಮೃತಪ್ಪ ಕಿಸೆಯಿಂದ ನೆಟ್ಟಗಿನ ಒಂದು ಸಲಾಕೆ ತೆಗೆದು, ಕೊರೆಯುವ ಮೊನೆ ಹಿಡಿಯುವ ಚಕ್ಕಿನಲ್ಲಿ ಬಿಗಿದ. ಸಲಾಕೆಗೆ ಮೊಳೆಯ ತುದಿ ಸೋಕುವ ಹಾಗೆ ಹಿಡಿದು, ಮುಚ್ಚಳ ಎತ್ತಿ ಬೆಲ್ಟು ಓಡುವ ಗಾಲಿಯಾದ ಪುಲಿಯನ್ನು ಕೈಯಿಂದ ತಿರುಗಿಸಿ, ಕಣ್ಣು ಮುಚ್ಚಿ ಕೇಳಿದ. ಮೊಳೆ ಒಮ್ಮೆ ಕಿರ್ ಎಂದಿತು, ಒಮ್ಮೆ ಸುಮ್ಮನಾಯಿತು, ಮತ್ತೆ ಕಿರ್ ಎಂದಿತು.

"ಸೊಟ್ಟ ತಿರಗತೈತಿ. ಖಂಬನೂ ಹಗುರ. ಒತ್ತಿದರ ನಡಗತೈತಿ."

"ಚಾಚಾ, ನಯಾ ಮಾಲ್ ಹೈ," ಎಂದ ಅಂಗಡಿಯವನು ನೊಂದು.

"ಹೊಸಾ ಸೊಟ್ಟ," ಎಂದು ಅಮೃತಪ್ಪ ಕನ್ನಡದಲ್ಲೇ ಹೇಳಿ ಇಳಿದು ಬಂದ. ಅದರ ಬೆಲೆಯೂ ಅವನ ಕೈಗೆ ಎಟುಕುವಂಥದ್ದಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಠಾಣೆಯಲ್ಲಿ ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನಲ್ಲಿ ಎರಡನೆಯದು ಸಿಕ್ಕಿತು. ಹಳೆಯದು, ಜಂಗು ಹಿಡಿದದ್ದು, ಎತ್ತಲು ಇಬ್ಬರು ಬೇಕು. ಅಮೃತಪ್ಪ ಅದಕ್ಕೂ ಸಲಾಕೆ ಬಿಗಿದು ಕಣ್ಣು ಮುಚ್ಚಿದ. ಮೊಳೆ ಉದ್ದಕ್ಕೂ ಒಂದೇ ಸಮ ಸುಯ್ ಎಂದಿತು. ಅವನ ಮುಖ ಅರಳಿತು.

"ಇದು ಮಷೀನು! ಮನಿ ಲೈಟಿನ ಮ್ಯಾಲೂ ನಡೀತೈತಿ. ಅರ್ಧ ರೊಕ್ಕ."

"ಪಣ್ ಅಪ್ಪಾ, ಮೇಲಿನ ಕವರ್ ಕುಠೇ ಆಹೇ, ಎಲ್ಲಿ?" ಎಂದ ವಸಂತಕುಮಾರ. ಕೂತವರ ತಲೆಯ ಎತ್ತರದಲ್ಲಿ ಎರಡು ಪುಲಿಗಳೂ ಅವುಗಳ ನಡುವಿನ ಬೆಲ್ಟೂ ಬತ್ತಲೆ ನಿಂತಿದ್ದವು. ಮುಚ್ಚಳ ಎಲ್ಲೋ ಕಳೆದುಹೋಗಿದೆ ಎಂದ ಮಾಲೀಕ.

ಅಂದು ಊಟಕ್ಕೆ ಝುಣಕ, ರೊಟ್ಟಿ. ಎರಡು ಮಷೀನುಗಳ ಪಂಚಾಯ್ತಿಯನ್ನೂ ಅದರ ಜೊತೆಗೇ ಬಡಿಸಿಕೊಂಡರು.

"ಹೊಸದು ತಗೊಳ್ರಿ ಅಪ್ಪಾ. ಹಳೇದು ಕೆಟ್ರೆ ರಿಪೇರಿಗೆ ಯಾರು ಓಡಾಡ್ತಾರೆ?"

"ನಾ ಏನ್ ಸತ್ತೀನೇನು? ಗಿರಣ್ಯಾಗ ಸಾಹೇಬ್ರ ಮಷೀನು ಕೆಟ್ರ ನನ್ನ ಕರೀತಿದ್ರು."

ಒಲೆಯ ಬಳಿಯಿಂದ ಪ್ರಫುಲ್ಲಾ ಚಂದವ್ವನ ಕಿವಿಗೆ ಹಾಕಿದಳು. "ಅತ್ತೆ, ಆ ಹಳೆಯದಕ್ಕೆ ಮುಚ್ಚಳ ಇಲ್ಲವಂತೆ, ಇವರು ಹೇಳಿದರು. ಒಂದು ಹಾಕಿಸಬಹುದಾ ಅಂತ ಕೇಳಿ."

"ಕೇಳ್ರಿ," ಎಂದಳು ಚಂದವ್ವ, "ಅದಕ್ಕ ಮುಚ್ಚಳ ಹಾಕಸೂದಿಲ್ಲೇನು ಅಂತಾಳ."

ಅಮೃತಪ್ಪ ನಕ್ಕುಬಿಟ್ಟ. "ಮುಚ್ಚಳ ಹಾಕಾಕ ಅದೇನು ಸಾರಿನ ಬೋಗಣಿ ಏನು? ಗಿರಣ್ಯಾಗ ಎಷ್ಟು ಬೆಲ್ಟು ಬರಿಮೈಲೇ ಓಡ್ತಿದ್ವು, ಗೊತ್ತೈತೇನು ಅಕಿಗೆ? ದುಡಿಯಾಂವಗ ನಿಗಾ ಇರಬೇಕು. ಹೇಳು."

ಚಂದವ್ವ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪ್ರಫುಲ್ಲಾ ಮುಖ ಸಣ್ಣದು ಮಾಡಿಕೊಂಡು ತವೆಯ ಮೇಲಿನ ರೊಟ್ಟಿ ತಿರುವಿದಳು.

ಮಷೀನು ಮನೆಗೆ ಬಂದದ್ದು ಅಮಾವಾಸ್ಯೆಯ ದಿನ. ನಮ್ಮ ಕಡೆ ಅಮಾಸಿಗಿಂತ ಒಳ್ಳೇ ದಿನ ಇಲ್ಲ ಎಂದು ರುದ್ರವ್ವ ಹಟ ಹಿಡಿದಿದ್ದಳು. ಠಾಣೆಯ ಮಾಲೀಕ ಮಾತ್ರ ಹೌಹಾರಿ, ಅಮಾವಾಸ್ಯೆಗೆ ಯಾರಾದರೂ ಮಷೀನು ಒಯ್ಯುತ್ತಾರಾ, ನಾಳೆ ಬನ್ನಿ ಎಂದ. ಟೆಂಪೊ ತಂದವರು ತಿರುಗಿ ಹೋಗಲಿಲ್ಲ. ರುದ್ರವ್ವ ವಿಭೂತಿ ಹಚ್ಚಿ, ಕಾಯಿ ಒಡೆದು, ಖಂಬಕ್ಕೆ ಹೂವಿನ ಸರ ಸುತ್ತಿದಳು. ಅಮೃತಪ್ಪ ಸ್ವಿಚ್ಚು ಒತ್ತಿದ. ಬೆಲ್ಟು ಗರಗರ ತಿರುಗಿತು. ಅವನು ಗಿರಣಿಗೆ ಹೋಗುತ್ತಿದ್ದಾಗಿನ ಖಾಕಿ ಅಂಗಿ ಹಾಕಿಕೊಂಡಿದ್ದ. ಅದನ್ನು ನೋಡಿ ಚಂದವ್ವ ಕಣ್ಣು ಒರೆಸಿಕೊಂಡಳು.

ಮನೆಗೆ ಹೊಸ ಲಯ ಬಂತು. ಬೆಳಗಿನ ನೀರು, ಚಹಾ, ವಸಂತಕುಮಾರನ ಡಬ್ಬಿ ಮುಗಿಯುತ್ತಲೇ ಪಡಸಾಲೆಯಲ್ಲಿ ಮಷೀನು ಸುರುವಾಗುತ್ತಿತ್ತು. ಮಹಾಪೆಯಿಂದ ಪಟ್ಟಿಗಳು ಬರುತ್ತಿದ್ದವು. ತೂತು ಬೀಳಬೇಕಾದ ಕಡೆ ಅಲ್ಲೇ ಪಂಚಿನಿಂದ ಹೊಡೆದ ಸಣ್ಣ ಗುರುತು ಇರುತ್ತಿತ್ತು. ಒಂದೇ ಅಳತೆಯ ಮಾಲಾಗಿದ್ದರೆ ಅಚ್ಚು ಮಾಡಿಟ್ಟುಕೊಂಡು ಕಣ್ಣು ಮುಚ್ಚಿ ತೂತು ಹಾಕಬಹುದಿತ್ತು. ಇಲ್ಲಿ ಪ್ರತಿ ಸಲ ಬರುವ ಲಾಟಿಗೊಂದು ಅಳತೆ, ಗುರುತು ನೋಡಿಯೇ ಹಾಕಬೇಕು. ಅಮೃತಪ್ಪ ಹಾಕಿದ್ದನ್ನು ಪ್ರಫುಲ್ಲಾ ಒಳಗೆ ಕೂತು ಒರೆಸಿ ಚೀಲಕ್ಕೆ ತುಂಬುತ್ತಿದ್ದಳು. ಚೂರುಗಳು ಅಡಿಗೆಮನೆಯವರೆಗೂ ಹಾರಿ ಬಂದು ರುದ್ರವ್ವನ ಕಾಲಿಗೆ ಚುಚ್ಚುತ್ತಿದ್ದವು. "ಒನಕಿ ಸಪ್ಪಳ ಹೋತು, ಇದು ಬಂತು," ಎಂದು ಅವಳು ಬೈಯುತ್ತ, ನೆರೆಯವರು ಬಂದರೆ ಮಾತ್ರ "ನಮ್ಮ ಕಾರಖಾನಿ" ಎಂದು ತೋರಿಸುತ್ತಿದ್ದಳು.

ಎರಡನೇ ವಾರವೇ ಪ್ರಫುಲ್ಲಾಳಿಗೆ ತಿಳಿಯಿತು. ಕೆಲವು ಪಟ್ಟಿಗಳಲ್ಲಿ ತೂತು ಗುರುತಿನ ಮೇಲಿಲ್ಲ, ಮಗ್ಗುಲಲ್ಲಿದೆ. ಮೊದಲು ಒಂದೊಂದಿದ್ದವು, ಆಮೇಲೆ ಹೆಚ್ಚಾದವು. ಮೋಡ ಕವಿದ ದಿನ ಇನ್ನೂ ಹೆಚ್ಚು. ಅವಳು ನೋಡತೊಡಗಿದಳು. ಮಾವ ಪಟ್ಟಿಯನ್ನು ಮೂಗಿನ ತನಕ ತಂದು, ಹೆಬ್ಬೆರಳಿನಿಂದ ಗುರುತು ತಡವಿ ಇಡುತ್ತಿದ್ದ. ಮುಂಜಾನೆ ಪೇಪರು ಓದುವುದನ್ನು ಎಂದೋ ಬಿಟ್ಟಿದ್ದ. ಗಡಿಯಾರದ ಕೆಳಗೇ ನಿಂತು ಚಂದವ್ವನಿಗೆ ಗಂಟೆ ಕೇಳುತ್ತಿದ್ದ. ಅವನ ಕಣ್ಣಿನಲ್ಲಿ ಪೊರೆ ಕೂತಿತ್ತು.

ಹೇಳುವುದು ಹೇಗೆ? ಅವನಿಗೆ ನೇರ ಹೇಳುವಂತಿಲ್ಲ. ಚಂದವ್ವನಿಗೆ ಹೇಳಿದರೆ ಅದು ಎಲ್ಲರೆದುರು, ರೊಟ್ಟಿಯ ಜೊತೆಗೆ ಬಡಿಸಿದಂತೆ ಆಗುತ್ತದೆ. ಗಿರಣಿ ಹೋದ ಮೇಲೆ ಆ ಮನುಷ್ಯನಿಗೆ ಉಳಿದದ್ದು ಇದೊಂದೇ. ಕಣ್ಣೂ ಹೋಯಿತೆಂದರೆ ಮಗನ ತಾಟಿನಲ್ಲಿ ಉಣ್ಣುವ ಮುದುಕನಾಗಿ ಮೂಲೆಗೆ ಕೂರಬೇಕು. ಅದು ಅವಳಿಗೆ ಅರ್ಥವಾಯಿತು, ಅರ್ಥವಾದ್ದರಿಂದಲೇ ಸುಮ್ಮನಿದ್ದಳು. ಸೊಟ್ಟ ಬಿದ್ದವನ್ನು ಚೀಲದ ತಳಕ್ಕೆ ಹಾಕಿದಳು. ಅವಳು ಮಾಡಿದ ತಪ್ಪು ಅದು.

ಜಯಶೀಲ ಒಂದು ಸಂಜೆ ತಾನೇ ಬಂದ. ಚಹಾ ಕುಡಿದು, ಹವಾ ನೀರು ಮಾತಾಡಿ, ಕಡೆಗೆ ಚೀಲದಿಂದ ಪಟ್ಟಿಗಳನ್ನು ತೆಗೆದ.

"ಎಂತ ಮಾಡುದು ಹೇಳಿ ಅಮೃತಪ್ಪಣ್ಣ. ತೂತು ಸ್ವಲ್ಪ ಆಚೆ ಈಚೆ ಆಗಿದೆ. ಹಿಡಿಕೆ ಕೂರುದಿಲ್ಲ ಮಾರಾಯ್ರೆ. ಇದೊಂದು ಲಾಟು ಹೋಗಲಿ, ಮುಂದಿನದು ಸೋಮವಾರ ಬರ್ತದೆ. ಅದೂ ಹೀಗಾದ್ರೆ ನನಗೂ ಕಷ್ಟ."

ಅವನು ಹೋದ ಮೇಲೆ ಜಗಳ ಎದ್ದಿತು.

"ಸಾಂಗಿತ್ಲಂ ಹೋತಂ ನಾ! ಹೇಳಿದ್ದೆ ಅಲ್ವಾ, ಹೊಸದು ತಗೊಳ್ರಿ ಅಂತ?" ಎಂದ ವಸಂತಕುಮಾರ. "ಪ್ರಫುಲ್ಲಾಳ ಮನೆಯವರ ಮುಂದೆ ಮಾನ ಹೋಯ್ತು."

"ಮಷೀನು ನೆಟ್ಟಗೈತಿ!"

"ನೆಟ್ಟಗಿದ್ರೆ ತೂತು ಯಾಕೆ ಸೊಟ್ಟ?"

ಅಮೃತಪ್ಪ ಎದ್ದು ಹೋಗಿ ಬೆಲ್ಟನ್ನು ಬೆರಳಿನಿಂದ ಒತ್ತಿದ. "ಬೆಲ್ಟು ಸಡಲ ಐತಿ," ಎಂದ. "ಬೆಲ್ಟು ಸಡಲಾದ್ರ ಮಷೀನು ನಡಗತೈತಿ. ನಾಳೆ ಕಲ್ಯಾಣಕ್ಕ ಹೋಗಿ ಹೊಸ ಬೆಲ್ಟು ತರ್ತೀನಿ."

"ಅಮಾಸಿ ದಿನ ತಂದ ಮಷೀನು, ಅದಕ್ಕೇನಾಗೇತಿ?" ಎಂದಳು ರುದ್ರವ್ವ. "ಮನ್ಯಾಗ ಯಾರ ಕಾಲ್ಗುಣ ಸರಿ ಇಲ್ಲೋ ಏನೋ."

ಕಾಲ್ಗುಣ ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಆ ಮನೆಗೆ ಹೊರಗಿನಿಂದ ಬಂದ ಕಾಲು ಒಂದೇ. ಚಂದವ್ವ "ಅತ್ತೀ, ಸುಮ್ಮಕಿರ್ರಿ" ಎಂದಳು. ಪ್ರಫುಲ್ಲಾ ತಾಟುಗಳನ್ನು ಎತ್ತಿಕೊಂಡು ಪಾತ್ರೆ ತೊಳೆಯುವ ಮೋರಿಗೆ ಹೋದಳು. ಅಲ್ಲಿ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ಅಮೃತಪ್ಪ ಕಲ್ಯಾಣಕ್ಕೆ ಹೋದ. ಚಂದವ್ವ ರೇಷನ್ ಅಂಗಡಿಯ ಸಾಲಿಗೆ ಹೋದಳು. ರುದ್ರವ್ವ ಒಳಕೋಣೆಯಲ್ಲಿ ನಿದ್ದೆ ಹೋದಳು. ಪ್ರಫುಲ್ಲಾ ಪಡಸಾಲೆ ಗುಡಿಸಲು ಬಂದವಳು ಕಸಬರಿಗೆಯನ್ನು ಗೋಡೆಗೆ ಒರಗಿಸಿ ಮಷೀನನ್ನು ನೋಡುತ್ತ ನಿಂತಳು. ಅದರ ಮೇಲೆ ಸುಳ್ಳು ಆರೋಪ ಬಿದ್ದಿದೆ, ತನ್ನ ಮೇಲೂ ಬಿದ್ದಿದೆ. ಸ್ಟೂಲಿನ ಮೇಲೆ ಕೂತಳು. ಮಿಕ್ಕಿದ್ದ ಪಟ್ಟಿಯೊಂದನ್ನು ಇಕ್ಕಳದಲ್ಲಿ ಹಿಡಿದು, ಮಾವ ಮಾಡುತ್ತಿದ್ದ ಹಾಗೆ ಸ್ವಿಚ್ಚು ಒತ್ತಿ, ಹಿಡಿಯನ್ನು ಮೆಲ್ಲಗೆ ಇಳಿಸಿದಳು. ತೂತು ಸರಿಯಾಗಿ ಗುರುತಿನ ಮೇಲೇ ಬಿದ್ದಿತು.

ಇನ್ನೊಂದು ಹಾಕಿದಳು. ಮತ್ತೊಂದು. ಸುರುಳಿ ಸುರುಳಿಯಾಗಿ ಚೂರು ಏಳುತ್ತಿತ್ತು. ಮದುವೆಯಾದಂದಿನಿಂದ ಅವಳು ಮಾಡಿದ್ದು ಯಾವುದೂ ಪೂರ್ತಿ ಸರಿ ಎನಿಸಿಕೊಂಡಿರಲಿಲ್ಲ. ರೊಟ್ಟಿ ಅಂಚಿಗೆ ಹರಿಯುತ್ತಿತ್ತು, ಮಾತು ಬೇರೆಯಾಗಿತ್ತು, ಸೆರಗು ಜಾರುತ್ತಿತ್ತು. ಇಲ್ಲಿ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳಿಗೆ ಬಹಳ ಸಂತೋಷವಾಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು.

ಅವಳ ಕೈ ತಾನಾಗಿ ಎದ್ದಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನೈಲಾನಿನ ತುದಿ ಹಾರಿ, ತಲೆಯ ಮಟ್ಟದಲ್ಲಿ ಓಡುತ್ತಿದ್ದ ಬೆಲ್ಟಿನ ಮೇಲೆ ಬಿದ್ದಿತು.

ಬಾಗಿಲಲ್ಲಿ ಅಮೃತಪ್ಪ ಹೊಸ ಬೆಲ್ಟು ಹಿಡಿದು ನಿಂತಿದ್ದ. ಮಬ್ಬಾಗಿ ಕಂಡದ್ದು ಏನೆಂದು ತಿಳಿಯುವಷ್ಟರಲ್ಲಿ ಸೊಸೆಯ ತಲೆಯನ್ನು ಮಷೀನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ಅವನು ಗಂಟಲು ಹರಿಯುವ ಹಾಗೆ ಕೂಗಿದ.

"ಚಂದವ್ವಾ! ಅಕಿಗೆ ಸೆರಗ ಬಿಡಾಕ ಹೇಳ! ಚಂದವ್ವಾ, ಹೇಳ ಅಕಿಗೆ!"

ಚಂದವ್ವ ರೇಷನ್ ಸಾಲಿನಲ್ಲಿದ್ದಳು.

ಅವನು ಓಡಿ ಬಂದು ಪ್ಲಗ್ಗು ಕಿತ್ತ. ಅಷ್ಟರಲ್ಲಿ ಬಟ್ಟೆ ಸಿಕ್ಕಿಕೊಂಡ ಹಳೆಯ ಸಡಿಲ ಬೆಲ್ಟು ತಾನೇ ಪುಲಿಯಿಂದ ಹಾರಿ ಕೆಳಗೆ ಬಿದ್ದಿತ್ತು. ಅವನ ಕೈಯಲ್ಲಿದ್ದ ಹೊಸ ಬಿಗಿ ಬೆಲ್ಟು ಮಷೀನಿನ ಮೇಲಿದ್ದಿದ್ದರೆ ಹೀಗೆ ಹಾರುತ್ತಿರಲಿಲ್ಲ. ಪ್ರಫುಲ್ಲಾಳ ಹಣೆ ಕಬ್ಬಿಣಕ್ಕೆ ತಾಗಿ ರಕ್ತ ಬಂದಿತ್ತು. ಸೆರಗಿನ ಒಂದು ತುಂಡು ಪುಲಿಗೆ ಸುತ್ತಿಕೊಂಡಿತ್ತು. ಅಮೃತಪ್ಪ ಅವಳನ್ನು ಮುಟ್ಟಲಿಲ್ಲ, ಮಾತಾಡಲಿಲ್ಲ. ಪುಲಿಯನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಬಟ್ಟೆ ಬಿಡಿಸಿದ. ಗದ್ದಲಕ್ಕೆ ಎದ್ದು ಬಂದ ರುದ್ರವ್ವ ಪ್ರಫುಲ್ಲಾಳ ಹಣೆ ಕಂಡು ಬಾಯಿ ಬಡಿದುಕೊಂಡಳು. ಅರಿಶಿಣ ತಂದು ಗಾಯಕ್ಕೆ ಒತ್ತಿದವಳೂ ಅವಳೇ.

ಆ ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

"ಬಸ್ ಝಾಲಂ, ಸಾಕು. ಮಾರಿಬಿಡೋಣ ಅದನ್ನ," ಎಂದ ವಸಂತಕುಮಾರ. ಹೆಂಡತಿಯ ಹಣೆಯ ಪಟ್ಟಿ ನೋಡಿದಾಗೆಲ್ಲ ಅವನ ಧ್ವನಿ ಏರುತ್ತಿತ್ತು. "ನೀ ಯಾಕೆ ಮುಟ್ಟಕ್ಕೆ ಹೋದೆ?"

"ಹೆಂಗಸು ಮಷೀನು ಮುಟ್ಟಿದ್ದಕ್ಕ ಹಿಂಗಾತು," ಎಂದಳು ರುದ್ರವ್ವ.

"ಮುಚ್ಚಳ ಇದ್ದಿದ್ರ ಆಗ್ತಿದ್ದಿಲ್ಲ," ಎಂದಳು ಚಂದವ್ವ. "ಅಕಿ ಕೇಳಿದ್ಲು. ನೀವು ಬೋಗಣಿ ಅಂತ ನಕ್ರಿ. ನಾನೂ ಸುಮ್ಮ ಕುಂತೆ."

ಅಮೃತಪ್ಪ ಎದ್ದು ಹೋಗಿ ಮಷೀನಿನ ಮಗ್ಗುಲಲ್ಲಿದ್ದ ಪಟ್ಟಿಗಳನ್ನು ಮಡಿಲಿಗೆ ಹಾಕಿಕೊಂಡು ಬಂದು ಕೂತ. ಪ್ರಫುಲ್ಲಾ ಹಾಕಿದ ತೂತುಗಳು. ಒಂದೊಂದನ್ನೂ ಬೆರಳಿನಿಂದ ತಡವಿದ. ಕಡೆಗೆ ಒಂದನ್ನು ಮಗನ ಕಡೆ ಚಾಚಿದ.

"ನೋಡು. ಗುರುತಿನ ಮ್ಯಾಲ ಬಿದ್ದೈತೇನು?"

ವಸಂತಕುಮಾರ ದೀಪಕ್ಕೆ ಹಿಡಿದು ನೋಡಿದ. "ಹ್ಞೂಂ. ಏಕದಮ್ ಬರೋಬರ್."

"ಇದು?"

"ಇದೂ."

"ಮತ್ತ ಮಷೀನು ನೆಟ್ಟಗೈತಿ," ಎಂದ ಅಮೃತಪ್ಪ.

ಮಷೀನು ನೆಟ್ಟಗಿದ್ದರೆ ಸೊಟ್ಟಗಿರುವುದು ಯಾವುದು ಎಂದು ಯಾರೂ ಕೇಳಲಿಲ್ಲ. ಚಂದವ್ವ ಗಂಡನ ಕಣ್ಣುಗಳನ್ನು ನೋಡಿದಳು. ಇಷ್ಟು ದಿನ ಗಂಟೆ ಎಷ್ಟು ಎಂದು ಕೇಳಿದಾಗೆಲ್ಲ ಅದು ಅವನ ಸೋಮಾರಿತನ ಎಂದು ಬೈದಿದ್ದಳು. ವಸಂತಕುಮಾರ ಪಟ್ಟಿಯನ್ನು ನೆಲಕ್ಕಿಟ್ಟು, ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನದಿಂದ ಅಮೃತಪ್ಪ ಎಣ್ಣೆಯ ಡಬ್ಬವೊಂದನ್ನು ಕತ್ತರಿಸಿ ಬಡಿಯತೊಡಗಿದ. ತಗಡು ಬಾಗಿಸುವುದು, ಪುಲಿಯ ಮೇಲೆ ಇಟ್ಟು ಕೈಯಿಂದ ತಡವುವುದು, ಮತ್ತೆ ಬಿಚ್ಚಿ ಬಡಿಯುವುದು. ಎರಡು ಕಡೆ ಬೆರಳು ಕೊಯ್ದುಕೊಂಡ. ಚಂದವ್ವ ಚಹಾ ತಂದಿಡುತ್ತ, "ಬೋಗಣಿಗೆ ಮುಚ್ಚಳ ಬಂತಲ್ಲ," ಎಂದಳು. ಅವನು ನಗಲಿಲ್ಲ. ಬರುವ ವಾರ ಸಿವಿಲ್ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸೋಣ ಎಂದು ಅವಳು ಹೇಳಿದಾಗ ಮಾತ್ರ "ಹ್ಞೂಂ" ಎಂದ.

ಆ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಅಮೃತಪ್ಪ ಚಂದವ್ವನ ಮೂಲಕವೂ ಸೊಸೆಗೆ ಏನೂ ಹೇಳುತ್ತಿರಲಿಲ್ಲ. ಅನ್ನ ಬೇಕಾದರೆ ತಾನೇ ಬಡಿಸಿಕೊಳ್ಳುತ್ತಿದ್ದ. ಸಿಟ್ಟು ಹೆಚ್ಚಾಗಿದೆ ಎಂದು ಪ್ರಫುಲ್ಲಾ ತಿಳಿದಳು. ಮುಂದಿನ ಲಾಟು ಬರುವ ಮೊದಲೇ ಜಯಶೀಲಣ್ಣನಿಗೆ ಬೇಡ ಎಂದು ಹೇಳಿ ಕಳಿಸಿಬಿಡಲಾ ಎಂದು ಗಂಡನನ್ನು ಕೇಳಿದಳು. ಸೋಮವಾರದವರೆಗೆ ತಡಿ ಎಂದ ಅವನು.

ಸೋಮವಾರ ಟೆಂಪೊ ಬಂತು. ಪಟ್ಟಿಗಳ ಚೀಲ ಪಡಸಾಲೆಯಲ್ಲಿ ಇಳಿಯಿತು. ಅಮೃತಪ್ಪ ಹೊಸ ಬೆಲ್ಟು ಹಾಕಿ, ಅದರ ಮೇಲೆ ತಗಡಿನ ಮುಚ್ಚಳ ಕೂರಿಸಿ, ನಟ್ಟು ಬಿಗಿದ. ಮುಚ್ಚಳದ ಮೇಲೆ ಎಣ್ಣೆ ಕಂಪನಿಯ ಅರ್ಧ ಸೂರ್ಯಕಾಂತಿ ಹೂವು ಉಳಿದಿತ್ತು. ಕೈಯಿಂದ ಎಲ್ಲ ಕಡೆ ತಟ್ಟಿ ನೋಡಿ, ಒಳಗಿನ ಕಡೆ ಮುಖ ಮಾಡಿ ಕರೆದ.

"ಪ್ರಫುಲ್ಲಾ."

"ಏನ್ರಿ? ಏನ್ ಹೇಳ್ಲಿ ಅಕಿಗೆ?" ಎಂದಳು ಚಂದವ್ವ ಒಳಗಿಂದ, ರೂಢಿಯಂತೆ.

"ನಿನಗಲ್ಲ. ಅಕಿಗೇ ಕರದೆ."

ಒಳಗೆ ರೊಟ್ಟಿಯ ಸದ್ದು ನಿಂತಿತು. ಪ್ರಫುಲ್ಲಾ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು. ಕೈ ಸೆರಗಿಗೆ ಏಳುತ್ತಿತ್ತು.

"ಬ್ಯಾಡ. ಕೈ ಇಳಸು," ಎಂದ ಅಮೃತಪ್ಪ. ಅವನು ಅವಳ ಕಡೆ ನೋಡದೆ ಮುಚ್ಚಳವನ್ನೇ ನೋಡುತ್ತಿದ್ದ. "ತಲಿ ಮ್ಯಾಲಿನ ಸೆರಗು ತಗದು ಸೊಂಟಕ್ಕ ಬಿಗಿ. ಹೆರಳು ಸುತ್ತಿ ತುರುಬು ಕಟ್ಟು. ಇನ್ನ ಮ್ಯಾಲೆ ನನ್ನ ಮುಂದ ತಲಿ ಮ್ಯಾಲೆ ಸೆರಗು ಬ್ಯಾಡ."

"ಅಮೃತಾ!" ಎಂದಳು ರುದ್ರವ್ವ. "ನಾ ಜೀವಂತ ಇರೂ ಮಟ ಈ ಮನ್ಯಾಗ ಸೊಸಿ ಮಾವನ ಮುಂದ ಬರಿದಲೀಲೇ ನಿಂತಿ—"

"ಯವ್ವಾ, ಮರ್ಯಾದಿ ಇಡಾಕ ಮದಲ ತಲಿ ಉಳೀಬೇಕು," ಎಂದ ಅಮೃತಪ್ಪ. "ಅಕಿ ತಲಿ ಮಷೀನಿನಾಗ ಹೊಂಟಿತ್ತು. ಸೆರಗ ಬಿಡು ಅಂತ ಒಂದು ಮಾತು ಅಕಿಗೇ ಅನ್ನಲಿಲ್ಲ ನಾ. ಮನ್ಯಾಗ ಇಲ್ಲದ ಚಂದವ್ವನ ಹೆಸರು ಹಿಡದು ಒದರಿದೆ, 'ಅಕಿಗೆ ಹೇಳು' ಅಂತ. ಅಂಥಾ ಪದ್ಧತಿ ಇಟಗೊಂಡು ಏನ್ ಮಾಡ್ಲಿ?"

ರುದ್ರವ್ವ ಗೋಡೆಗೆ ಒರಗಿ ಕೂತಳು.

"ನನಗ ಗುರುತು ಕಾಣಂಗಿಲ್ಲವಾ," ಎಂದ ಅವನು, ಈಗ ಸೊಸೆಯ ಕಡೆ ತಿರುಗಿ. "ನಿನಗ ಕಾಣತೈತಿ. ನೀ ತೂತು ಹಾಕು. ನಾ ಅಂಚು ಉಜ್ಜಿ ಕೊಡ್ತೀನಿ. ಅದಕ್ಕ ಬೆರಳು ಸಾಕು."

ಪ್ರಫುಲ್ಲಾಳ ಕಣ್ಣು ತುಂಬಿತು. ಹಿಟ್ಟಿನ ಕೈಯಿಂದಲೇ ಸೆರಗು ಸುತ್ತಲು ಹೋದಳು. ಅದು ಎಂದಿನಂತೆ ಜಾರಿತು. ರುದ್ರವ್ವ ಗೋಡೆ ಹಿಡಿದು ಎದ್ದಳು. ಇನ್ನೇನು ಗುಡುಗುತ್ತಾಳೆ ಎಂದು ಚಂದವ್ವ ಅಡ್ಡ ಬರುವಷ್ಟರಲ್ಲಿ, ಮುದುಕಿ ಸೆರಗಿನ ತುದಿಯನ್ನು ಕಸಿದುಕೊಂಡು, ಬೆನ್ನ ಹಿಂದಿನಿಂದ ಸುತ್ತಿ ತಂದು ಸೊಂಟದಲ್ಲಿ ಒತ್ತಿ ಸಿಗಿಸಿದಳು.

"ಇದೂ ಬರೂದಿಲ್ಲ ನಿನಗ," ಎಂದಳು ಬೈಯುತ್ತ. "ಕಳೆ ತಗಿಯಾಗ ನಾವು ಹಿಂಗ ಬಿಗೀತಿದ್ವಿ. ದಿನಾ ಪೂರಾ ಬಗ್ಗಿದ್ರೂ ಜಾರ್ತಿದ್ದಿಲ್ಲ."

ಪ್ರಫುಲ್ಲಾ ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕೂತಳು. ಪಟ್ಟಿಯನ್ನು ಇಕ್ಕಳದಲ್ಲಿ ಇಟ್ಟಳು. ಅಮೃತಪ್ಪ ಅವಳ ಪಕ್ಕದಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಕೈಯನ್ನು ಪ್ಲಗ್ಗಿನ ಹತ್ತಿರವೇ ಇಟ್ಟುಕೊಂಡು ನಿಂತ. ಬಾಗಿಲ ಬೆಳಕು ಅವನ ಬೆನ್ನಿಗೆ ನಿಂತು ಪಟ್ಟಿಯ ಮೇಲೆ ನೆರಳು ಬಿದ್ದಿತು. ಗುರುತು ಕಾಣಲಿಲ್ಲ. ಅವಳು ರೂಢಿಯಂತೆ ಚಂದವ್ವನಿಗಾಗಿ ತಿರುಗಿ ನೋಡಿದಳು. ಚಂದವ್ವ ಬೇಕೆಂದೇ ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೊರಟುಹೋಗಿದ್ದಳು.

ಪ್ರಫುಲ್ಲಾ ಮಾವನ ಕಡೆಗೇ ತಿರುಗಿದಳು.

"ಮಾವಾ," ಎಂದಳು, "ಸ್ವಲ್ಪ ಆಚೆ ನಿಲ್ಲಿ. ಬೆಳಕಿಗೆ ಅಡ್ಡ ಆಗ್ತದೆ."

ಅಮೃತಪ್ಪ ಸರಿದು ನಿಂತ.